ಬಯಾಪ್ಸಿ ಮೊದಲು, ಪೋಯೆಮ್ ಆಮೇಲೆ: ಮಾಟುಂಗದ ನನ್ನ ಅನುಭವ

ನುಂಗಲು ತೊಂದರೆ ಎಂದು ಬಂದವರಿಗೆ ಎಂಡೋಸ್ಕೋಪಿ ನಾರ್ಮಲ್ ಇದ್ದರೂ ನಾನು ಅನ್ನನಾಳದ ಬಯಾಪ್ಸಿ ತೆಗೆಯುತ್ತೇನೆ. ಉರಿಯೂತ ಸಿಕ್ಕರೆ ಅದನ್ನು ಇಳಿಸಿ, ಇನ್ನೊಮ್ಮೆ ಮ್ಯಾನೋಮೆಟ್ರಿ (ನಳಿಕೆ ಇಳಿಸಿ ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ) ಮಾಡಿದ ಮೇಲೆಯೇ ಚಲನೆಯ ದೋಷಕ್ಕೆ ಹೆಸರಿಡುವುದು. ಪೋಯೆಮ್, ಅಂದರೆ ಬಾಯಿಂದ ಸ್ಕೋಪ್ ಇಳಿಸಿ ಅನ್ನನಾಳದ ಕೆಳಗಿನ ಸ್ನಾಯು ಕತ್ತರಿಸುವ ಚಿಕಿತ್ಸೆ, ಅದರ ನಂತರದ ಮಾತು. ಶುರುವಿನಲ್ಲಿ ಹಿರಿಯರೊಬ್ಬರು, “ಈಸಿನೋಫಿಲಿಕ್ ಈಸೊಫೆಜೈಟಿಸ್ ಎಲ್ಲ ಬಿಳಿಯರ ಕಾಯಿಲೆ ಮಾರಾಯ, ರೋಗಿಯ ದುಡ್ಡು ಯಾಕೆ ಹಾಳು ಮಾಡ್ತಿ?” ಅಂದಿದ್ದರು. ಈಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದಲ್ಲಿ ಸೇರಿಕೊಂಡು ಬರುವ ಉರಿಯೂತ ಅದು. ಈಗ ಅವರೇ ಕೇಸು ಕಳಿಸುತ್ತಾರೆ.

ದುಡ್ಡಿನ ಕಥೆ ದೊಡ್ಡದು. ಮ್ಯಾನೋಮೆಟ್ರಿಗೆ ಸಾಲಿಡ್ ಸ್ಟೇಟ್ ಯಂತ್ರ (ನಳಿಕೆಯಲ್ಲೇ ಸೆನ್ಸರ್ ಇರುವುದು) ಕೈಗೆಟುಕಲಿಲ್ಲ. ವಾಟರ್ ಪರ್ಫ್ಯೂಷನ್ನಿನದು (ನಳಿಕೆಯಲ್ಲಿ ನೀರು ಹರಿಸಿ ಒತ್ತಡ ಅಳೆಯುವುದು), ಅದೂ ಸೆಕೆಂಡ್ ಹ್ಯಾಂಡ್, ಹತ್ತು ಲಕ್ಷದ ಆಸುಪಾಸಿಗೆ ಸಾಲ ಮಾಡಿ ತಂದೆ. ಮೊದಲ ಮಳೆಗಾಲಕ್ಕೇ ಪಂಪ್ ಕೈಕೊಟ್ಟಿತು. ರಿಪೇರಿಗೆ ಅರವತ್ತೋ ಎಪ್ಪತ್ತೋ ಸಾವಿರ ಹೋಯಿತು. ಐಆರ್‌ಪಿಗೆ (ನುಂಗಿದಾಗ ಅನ್ನನಾಳದ ಕೆಳಬಾಗಿಲು ಸಡಿಲವಾಯಿತೋ ಇಲ್ಲವೋ ಎಂದು ತೋರುವ ಒತ್ತಡದ ಅಂಕೆ) ಎಲ್ಲರ ಬಾಯಲ್ಲಿರುವ 15 mmHg ಗಡಿ ಈ ಯಂತ್ರಕ್ಕೆ ಹೊಂದುವುದಿಲ್ಲ, ಕ್ಯಾತಿಟರ್ ಬದಲಾದರೆ ಗಡಿಯೂ ಬದಲಾಗುತ್ತದೆ. ಹಾಗಾಗಿ ಒಪ್ಪಿ ಬಂದ ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿ ನಮ್ಮದೇ ಗಡಿ ಕಟ್ಟಿಕೊಂಡೆ. ಕ್ಯಾತಿಟರ್ ಇಳಿಸುವಾಗ ವಾಕರಿಕೆ ತಡೆಯುವ ಒಂದು ಉಪಾಯ ನನ್ನ ಹತ್ತಿರ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಪೆಥಾಲಜಿಯವರ ಜೊತೆ ತಕರಾರು ಬೇರೆ. “ಈಸಿನೋಫಿಲ್ ಕಂಡಿವೆ” ಎಂದು ಒಂದು ಸಾಲು ಬರೆದು ಕಳಿಸುತ್ತಿದ್ದರು. ಎಷ್ಟು? ಸೂಕ್ಷ್ಮದರ್ಶಕದ ಒಂದು ಹೈ ಪವರ್ ಫೀಲ್ಡಿಗೆ, ಕಾಯಿಲೆ ಎನ್ನಲು ಬೇಕಾದ 15 ಮುಟ್ಟಿತೋ ಇಲ್ಲವೋ? ಎಣಿಕೆ ಇಲ್ಲದ ರಿಪೋರ್ಟು ನನಗೆ ಬೇಡ ಎಂದು ವಾಪಸ್ ಕಳಿಸಲು ಶುರುಮಾಡಿದ ಮೇಲೆ ದಾರಿಗೆ ಬಂದರು. ಆರು ತುಂಡು, ಕೆಳಗಿನದಕ್ಕೊಂದು ಮೇಲಿನದಕ್ಕೊಂದು ಡಬ್ಬಿ. ಎರಡು ಡಬ್ಬಿಗೆ ಒಂದೇ ದರ ಮಾಡಿಸಿಕೊಂಡದ್ದು ಹೇಗೆ ಅನ್ನುವುದೂ ನಮ್ಮೊಳಗಿನ ಮಾತು.

ದಾದರ್ ಕಡೆ ಹೋಟೆಲಿನ ಗಲ್ಲಾದಲ್ಲಿ ಕೂರುವ ಶೆಟ್ಟರೊಬ್ಬರು. ಊಟಕ್ಕೆ ಕೂತರೆ ಪಕ್ಕದಲ್ಲಿ ನೀರಿನ ಜಗ್ಗು, ತುತ್ತಿಗೊಂದು ಗುಟುಕು. ಐಆರ್‌ಪಿ ಏರಿತ್ತು, ಅನ್ನ ಕೆಳಗೆ ತಳ್ಳುವ ಅಲೆಗಳು ಸರಿಯಿದ್ದವು. ಬೇರೊಂದು ಕಡೆ ಪೋಯೆಮ್‌ಗೆ ತಾರೀಕೂ ಆಗಿತ್ತು. ಸ್ಕೋಪಿನಲ್ಲಿ ಉದ್ದುದ್ದ ಗೀರುಗಳು, ಅದೂ ಹುಡುಕಿದರೆ ಮಾತ್ರ. ಬಯಾಪ್ಸಿಯಲ್ಲಿ ನಲವತ್ತರ ಮೇಲೆ ಈಸಿನೋಫಿಲ್. ಬುಡೆಸೊನೈಡ್ ಎಂಬ ಸ್ಟೀರಾಯ್ಡಿನ ರೆಸ್ಪ್ಯೂಲ್ (ನೆಬ್ಯುಲೈಸರಿಗೆ ಹಾಕುವ ದ್ರವ) 1 ಮಿ.ಗ್ರಾಂ ಜೇನಿನಲ್ಲಿ ಕಲಸಿ ಎರಡು ಹೊತ್ತು ಕೊಟ್ಟೆ. ನುಂಗಿದ ಮೇಲೆ ಅರ್ಧ ಗಂಟೆ ನೀರೂ ಇಲ್ಲ. ಎಂಟು ವಾರ ಕಳೆದು ನೋಡಿದರೆ ಎಣಿಕೆ ಐದರ ಕೆಳಗೆ, ಐಆರ್‌ಪಿ ನಮ್ಮ ಗಡಿಯೊಳಗೆ. “ಡಾಕ್ಟ್ರೇ, ನಿನ್ನೆ ಕೋಳಿ ಸುಕ್ಕ ತಿಂದೆ, ಜಗ್ಗು ಮುಟ್ಲಿಲ್ಲ” ಅಂದರು. ಪೋಯೆಮ್ ರದ್ದಾಯಿತು.

ಎಲ್ಲರಿಗೂ ಹೀಗೆ ಆಗಲಿಲ್ಲ. ಇದೇ ಔಷಧದಿಂದ ಒಬ್ಬರಿಗೆ ಬಾಯಿಂದ ಅನ್ನನಾಳದವರೆಗೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಬಂತು, ಫ್ಲುಕೊನಜೋಲ್ ಕೊಡಬೇಕಾಯಿತು. ಠಾಣೆಯ ಒಬ್ಬ ತಾಯಿಗೆ ಟೈಪ್ 2 ಅಕಲೇಶಿಯಾ (ಕೆಳಬಾಗಿಲು ಸಡಿಲವಾಗದ, ಸರಿಯಾದ ಅಲೆಯೂ ಇಲ್ಲದ ಕಾಯಿಲೆ), ಬಯಾಪ್ಸಿಯಲ್ಲಿ ಈಸಿನೋಫಿಲ್ ಕೂಡ. ಸ್ಟೀರಾಯ್ಡಿಗೆ ಕಣ ಇಳಿಯಿತು, ಒತ್ತಡ ಜಗ್ಗಲಿಲ್ಲ. ಎಕ್ಸ್ ರೇಗೆಂದು ಕುಡಿಸಿದ ಬೇರಿಯಂ ಐದು ನಿಮಿಷಕ್ಕೂ ಕಂಬದಂತೆ ನಿಂತಿತ್ತು. ನಿಂತ ಅನ್ನವೇ ಒಳಪದರ ಕೆರಳಿಸಬಹುದು, ಹಾಗಾಗಿ ಈಸಿನೋಫಿಲ್ ಕಂಡಾಕ್ಷಣ ಅದೇ ಕಾರಣ ಎನ್ನಲಾಗದು. ಅವರನ್ನು ಪೋಯೆಮ್‌ಗೇ ಕಳಿಸಿದೆ, ಈಗ ಚೆನ್ನಾಗಿದ್ದಾರೆ. ಹೊಟ್ಟೆಯ ಆಸಿಡ್ ಮೇಲಕ್ಕೆ ಬರುವ ರಿಫ್ಲಕ್ಸಿನಲ್ಲೂ ಇದೇ ಸುತ್ತು: ದುರ್ಬಲ ಅಲೆ ಆಸಿಡ್ ತೊಳೆಯುವುದಿಲ್ಲ, ಉಳಿದ ಆಸಿಡ್ ಗಾಯ ಮಾಡುತ್ತದೆ. ಪಿಪಿಐಗೆ (ಆಸಿಡ್ ತಗ್ಗಿಸುವ ಔಷಧ) ಗ್ರೇಡ್ ಸಿ ಮಟ್ಟದ ದೊಡ್ಡ ಗಾಯ ಮಾಯ್ದರೂ ಅಲೆ ಬಹುಪಾಲು ಹಾಗೇ ಉಳಿದದ್ದನ್ನು ಕಂಡಿದ್ದೇನೆ. ಅಂಥವರಿಗೆ ಅಲೆ ಸರಿಹೋಗುತ್ತದೆ ಎಂಬ ಮಾತು ಕೊಡುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಯಂತ್ರದ ಮೇಲೆ ಬರೀ ನೀರು ನುಂಗಿಸಿದರೆ ಎಷ್ಟೋ ಜನರ ದೂರು ಕಾಣಿಸುವುದೇ ಇಲ್ಲ. ಅನ್ನ ಕೊಟ್ಟು ನೋಡಿದೆ, ಜಾರಿಹೋಯಿತು. ಇಡ್ಲಿಯೂ ಅಷ್ಟೇ. ಚಪಾತಿ ಒಬ್ಬೊಬ್ಬರು ಒಂದೊಂದು ಥರ ಅಗಿಯುತ್ತಾರೆ. ಕೊನೆಗೆ ಗೆದ್ದದ್ದು ಮೂಲೆ ಬೇಕರಿಯ ಪಾವ್: ಹಿಂದಿನ ದಿನದ್ದು, ಒಣಗಿದ್ದು, ಒಂದೇ ಅಳತೆಯ ತುಂಡು. ಖರ್ಚು ನಾಲ್ಕೈದು ರೂಪಾಯಿ. ಶೆಟ್ಟರ ಅಡಚಣೆ ಸ್ಪಷ್ಟವಾಗಿ ಕಂಡದ್ದೂ ಪಾವಿನಲ್ಲೇ.

ನನಗೆ ಕೇಸು ಕಳಿಸುವವರು ಹಳೆಯ ಚೀಟಿಗಳನ್ನೂ ಕಳಿಸಿ. ಮೆಡಿಕಲ್ ಅಂಗಡಿಯಿಂದ ತಿಂಗಳುಗಟ್ಟಲೆ ಪ್ಯಾಂಟೊಪ್ರಜೋಲ್ ಎಂಬ ಪಿಪಿಐ ನುಂಗಿದ್ದರೆ ಈಸಿನೋಫಿಲ್ ಮರೆಯಾಗಿರಬಹುದು. ಸೊಂಟನೋವಿಗೆ ಅಫೀಮಿನ ಬಗೆಯ ಟ್ರಮಡಾಲ್ ನಡೆಯುತ್ತಿದ್ದರೆ ಅದೊಂದೇ ಐಆರ್‌ಪಿ ಏರಿಸಬಲ್ಲದು.