ಬಾದಾಮಿ ಮಾವಿಗೆ ಬ್ಯಾಸಿಲಸ್ ಸ್ನಾನ: ನನ್ನ ಅನುಭವ

ಈ ಸಲ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ದ್ರಾವಣದಲ್ಲಿ ಅದ್ದಿ, ಹುಲ್ಲಿನಲ್ಲಿ ಹಣ್ಣು ಮಾಡಿ, ಮೇ ಕೊನೆಯಲ್ಲಿ ಹೊರತೆಗೆದ ಪ್ರತಿ ನೂರು ಕೆ.ಜಿ. ಬಾದಾಮಿ ಮಾವಿನಲ್ಲಿ ಕೊಳೆತಿತೆಂದು ನಾನು ಎಸೆದದ್ದು ಆರು ಕೆ.ಜಿ. ಇರಬಹುದು, ಏಳು ದಾಟಿಲ್ಲ. ಮೂರು ವರ್ಷದ ಹಿಂದೆ ಇದೇ ಶೆಡ್ಡಿನಿಂದ ಇಪ್ಪತ್ತೈದು ಕೆ.ಜಿ. ತಿಪ್ಪೆ ಸೇರುತ್ತಿತ್ತು. ‘ಬ್ಯಾಕ್ಟೀರಿಯಾ ನೀರಿನಲ್ಲಿ ಅದ್ದಿದರೆ ಹಣ್ಣು ಇನ್ನೂ ಬೇಗ ಕೊಳೆಯುತ್ತದೆ’ ಎಂದು ಮಂಡಿಯಲ್ಲಿ ಎಲ್ಲರೆದುರು ಹೇಳಿದವರಿಗೆ ಈ ಲೆಕ್ಕ ತಲುಪಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ತೋಟ ರಾಮನಗರದ ಕಡೆ, ಶೆಡ್ಡು ಹೆಸರಘಟ್ಟ ರಸ್ತೆಯಲ್ಲಿ. ಹಣ್ಣು ಹೋಗುವುದು ಮಲ್ಲೇಶ್ವರ, ಯಲಹಂಕದ ಅಪಾರ್ಟ್‌ಮೆಂಟುಗಳಿಗೆ. ಕಾರ್ಬೈಡ್ ಮುಟ್ಟುವುದಿಲ್ಲ, ಭತ್ತದ ಹುಲ್ಲಿನಲ್ಲೇ ಅಡೆ ಹಾಕುತ್ತೇನೆ. ಹಣ್ಣಾಗಲು ಏಳೆಂಟು ದಿನ ಬೇಕು, ಸಿಪ್ಪೆಗೆ ಕಪ್ಪು ಮಚ್ಚೆ ತರುವ ಚಿಬ್ಬು ಎಂಬ ಶಿಲೀಂಧ್ರ ರೋಗಕ್ಕೂ ಅದೇ ಸುಗ್ಗಿ. 2022ರ ಮೇ ತಿಂಗಳ ಮಳೆಯನ್ನು ಬೆಂಗಳೂರಿನಲ್ಲಿ ಯಾರೂ ಮರೆತಿಲ್ಲ. ಆ ವರ್ಷ ಹುಲ್ಲು ಸರಿಸಿದಾಗ ಮೇಲ್ಮೈಯೆಲ್ಲ ಹೊಂಬಣ್ಣ. ತಿರುಗಿಸಿದರೆ ತೊಟ್ಟಿನ ಸುತ್ತ ರೂಪಾಯಿ ನಾಣ್ಯದಗಲ ಕಪ್ಪು, ಹೆಬ್ಬೆರಳು ಒತ್ತಿದರೆ ಮೆತ್ತಗೆ ಒಳಕ್ಕೆ ಇಳಿಯುತ್ತಿತ್ತು. ಅರವತ್ತು ಸಾವಿರದ ಹತ್ತಿರ ನಷ್ಟವಾಯಿತು.

ನೆರೆಯ ತರಕಾರಿ ಬೆಳೆಗಾರರು ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಸೂಕ್ಷ್ಮಜೀವಿಗಳ ಮಿಶ್ರಣವನ್ನು ಬೇರಿಗೆ ಹಾಕುವುದನ್ನು ನೋಡುತ್ತಲೇ ಇದ್ದೆ. ಬೇರಿಗೆ ಒಳ್ಳೆಯದು ಮಾಡುವ ಜೀವಿಗಳಿದ್ದರೆ ಸಿಪ್ಪೆಗೆ ಯಾಕಿರಬಾರದು ಎಂಬ ಯೋಚನೆ ಹೊಕ್ಕಿತು. ಮರುವರ್ಷವೇ ಬ್ಯಾಸಿಲಸ್ ಸಬ್ಟಿಲಿಸ್ ದ್ರಾವಣ ತಂದೆ.

ಮೊದಲ ಎರಡು ಲೋಡು ಅದ್ದಿದ್ದೂ ಒಂದೇ, ಅದ್ದದಿದ್ದೂ ಒಂದೇ. ಮೂರನೆಯದರಲ್ಲಿ ಒಂದು ಟಬ್ಬಿನ ಕಾಯಿ ಮಾತ್ರ ಚೆನ್ನಾಗಿ ಉಳಿಯಿತು. ಆ ಟಬ್ಬಿಗೆ ಎರಡು ದಿನ ಡ್ರಮ್ಮಿನಲ್ಲಿ ನಿಂತಿದ್ದ ನೀರು ಬಿದ್ದಿತ್ತು, ಉಳಿದವಕ್ಕೆ ನೇರ ನಲ್ಲಿಯ ನೀರು. ಕ್ಲೋರಿನ್ ಇರುವ ನೀರಿಗೆ ಜೀವಂತ ಸರಕು ಸುರಿದು ಫಲ ಕಾಯುತ್ತಿದ್ದೆ! ಈಗ ಬೋರ್‌ವೆಲ್ ನೀರು ಬಿಟ್ಟರೆ ಬೇರೆ ಮುಟ್ಟುವುದಿಲ್ಲ.

ಆಮೇಲಿನದು ಬೆಲ್ಲದ ತಪ್ಪು. ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸುವ ಜೀವಾಮೃತ ಗೊಬ್ಬರ ಮಾಡಿದ ಕೈ, ಬ್ಯಾಕ್ಟೀರಿಯಾ ಎಂದೊಡನೆ ಬೆಲ್ಲ ಹಾಕಿತು. ನಾಲ್ಕು ದಿನಕ್ಕೆ ಕಾಯಿ ಅಂಟಂಟು, ಹುಲ್ಲಿನ ತುಂಬ ಇರುವೆ, ಸಿಪ್ಪೆಯ ಮೇಲೆ ಬೂಷ್ಟು. ಬೆಲ್ಲ ನಮ್ಮ ಜೀವಿಗೆ ಮಾತ್ರ ಊಟವಲ್ಲ, ಶಿಲೀಂಧ್ರಕ್ಕೂ ಊಟ. ನಾನೂರು ಕೆ.ಜಿ. ಹೋಯಿತು, ಸುಮಾರು ಮೂವತ್ತು ಸಾವಿರ ರೂಪಾಯಿ. ಮನೆಯಲ್ಲಿ ಎರಡು ದಿನ ಯಾರೂ ಆ ಮಾತೆತ್ತಲಿಲ್ಲ.

ಕೊನೆಗೆ ಕೈಹಿಡಿದ ಕ್ರಮ ಹೀಗಿದೆ. ಎರಡು ಬೆರಳಿನಷ್ಟು ತೊಟ್ಟು ಬಿಟ್ಟು ಕೊಯ್ದು, ಸೊನೆ ಇಳಿಸಿ, ಅದೇ ದಿನ ಶೆಡ್ಡಿಗೆ ತರಬೇಕು. ರಾತ್ರಿ ಕಳೆದರೆ ಅರ್ಧ ಕೆಲಸ ಕೆಟ್ಟಂತೆ. ಮೊದಲು 52 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ. ಚಿಬ್ಬು ಮರದಲ್ಲಿದ್ದಾಗಲೇ ಸಿಪ್ಪೆಯೊಳಗೆ ಹೊಕ್ಕು ಮಲಗಿರುತ್ತದೆ, ಅದನ್ನು ಎಬ್ಬಿಸಿ ಹೊರಹಾಕಲು ಬ್ಯಾಸಿಲಸ್‌ಗೆ ಆಗದು. ಅದು ಬಿಸಿನೀರಿನ ಪಾಲು. ಗೀರು, ತೊಟ್ಟಿನ ಗಾಯಗಳಲ್ಲಿ ಬೂಷ್ಟಿಗಿಂತ ಮೊದಲು ಜಾಗ ಹಿಡಿಯುವುದು ಬ್ಯಾಸಿಲಸ್ ಪಾಲು. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಿದ ವರ್ಷ ನಷ್ಟ ನೂರು ಕೆ.ಜಿ.ಗೆ ಹದಿನೈದರ ಕೆಳಗೆ ಇಳಿಯಲಿಲ್ಲ.

ಕಾಯಿ ಆರಿದ ಮೇಲೆ ಲೀಟರಿಗೆ ಹತ್ತು ಎಂ.ಎಲ್. ದ್ರಾವಣದಲ್ಲಿ ಮೂರ‍್ನಾಲ್ಕು ನಿಮಿಷ. ಅಂಟಲು ಏನು ಬೆರೆಸುತ್ತೇನೆ ಎಂಬುದು ನನ್ನ ಬಳಿಯೇ ಇರಲಿ. ಅಡುಗೆಮನೆಯ ವಸ್ತು ಎಂದಷ್ಟೇ ಹೇಳುತ್ತೇನೆ. ಫ್ಯಾನಿನ ಕೆಳಗೆ ಎರಡು ಗಂಟೆ, ತೊಟ್ಟಿನ ಬುಡದ ಗುಳಿಯೂ ಒಣಗಬೇಕು. ಒಮ್ಮೆ ಅವಸರದಲ್ಲಿ ಒದ್ದೆ ಕಾಯಿಯನ್ನೇ ಕ್ರೇಟಿಗೆ ತುಂಬಿ ಅನುಭವಿಸಿದ್ದೇನೆ. ಈಗಲೂ ಹೋಗುವ ಆ ಆರು ಕೆ.ಜಿ. ಹೆಚ್ಚಾಗಿ ತೊಟ್ಟು ಕೊಳೆ ರೋಗದ್ದು, ಅದಿನ್ನೂ ಪೂರ್ತಿ ಬಗ್ಗಿಲ್ಲ.

ಗ್ಯಾಸ್, ಕೂಲಿ, ದ್ರಾವಣ ಸೇರಿ ಕೆ.ಜಿ.ಗೆ ಎರಡೂವರೆ ರೂಪಾಯಿ ಬೀಳುತ್ತದೆ. ನೂರಿಪ್ಪತ್ತಕ್ಕೆ ಮಾರುವ ಹಣ್ಣಿಗೆ ಇದು ಭಾರವೇ ಅಲ್ಲ.

ಬೇರೆ ಹಣ್ಣಿನಲ್ಲೂ ನೋಡಿದೆ. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಅದ್ದಿದಾಗ ಮೇಲಿನ ಬೂದಿಯಂಥ ಮೇಣದ ಪೊರೆ ಅಳಿಸಿಹೋಗಿ ಹಳೆಯ ಹಣ್ಣಿನಂತೆ ಕಂಡಿತು, ಕೊಳ್ಳುವವರು ಮುಖ ತಿರುಗಿಸಿದರು. ದೇವನಹಳ್ಳಿ ಚಕ್ಕೋತ ಮಾತ್ರ ಮೂರು ವಾರ ಕುಳಿತಿತ್ತು, ಆದರೆ ಅದ್ದದ ಚಕ್ಕೋತವೂ ಹೆಚ್ಚುಕಡಿಮೆ ಅಷ್ಟೇ ದಿನ ಕುಳಿತಿತ್ತು. ಸೂಡೋಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ದ್ರಾವಣವನ್ನೂ ತಂದಿದ್ದೆ. ಬ್ಯಾಸಿಲಸ್‌ನಂತೆ ಅದಕ್ಕೆ ಗಟ್ಟಿ ಬೀಜಕದ ಕವಚವಿಲ್ಲ, ಶೆಡ್ಡಿನ ಸೆಕೆಯಲ್ಲಿ ಇಟ್ಟ ಬಾಟಲಿ ತಿಂಗಳೊಳಗೆ ಕೆಲಸ ನಿಲ್ಲಿಸಿತು.

ಯಲಹಂಕದ ಗ್ರಾಹಕರೊಬ್ಬರು ‘ಬ್ಯಾಕ್ಟೀರಿಯಾ ಹಚ್ಚಿದ ಹಣ್ಣೇ?’ ಎಂದು ಹಿಂದೆ ಸರಿದಿದ್ದರು. ಇಡ್ಲಿ ಹಿಟ್ಟು ಹುಳಿ ಬರುವುದು ಯಾರ ಕೆಲಸ ಎಂದು ಕೇಳಿದೆ. ತೊಳೆದು ತಿನ್ನಿ ಎಂದು ಒಂದು ಕ್ರೇಟು ಕೊಟ್ಟೆ. ಮುಂದಿನ ವಾರ ಮೂರು ಕೇಳಿದರು.

ಎಲ್ಲರೆದುರು ಹಾಗೆ ಹೇಳಿದ್ದ ಮಂಡಿಯವರು ಜೂನ್ ಮೊದಲ ವಾರ ಇಪ್ಪತ್ತು ಕ್ರೇಟ್ ಮಲ್ಲಿಕಾ ಮಾವು ಕಳುಹಿಸಿ, ಅದ್ದಿ ಕೊಡಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಫೋನಿನಲ್ಲಿ ಕೇಳಿದರು. ಹಿಂದಿನ ದಿನ ಕೊಯ್ದ ಕಾಯಿ, ತೊಟ್ಟೂ ಇರಲಿಲ್ಲ. ವಾಪಸ್ ಕಳುಹಿಸಿದೆ. ತೊಟ್ಟಿನೊಂದಿಗೆ, ಕೊಯ್ದ ದಿನವೇ ಸಂಜೆಯೊಳಗೆ ಬಂದರೆ ಕ್ರೇಟಿಗೆ ಅರವತ್ತು ರೂಪಾಯಿ ಎಂದು ತಿಳಿಸಿದ್ದೇನೆ.