ಶಿಕಾಗೊ ಸೀಮೆಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಊರಿನ ರೋಟರಿ ಕ್ಲಬ್ಬಿಗೆ ಹೋಗುವ ಬಗೆ

ಶಿಕಾಗೊ ಸುತ್ತಲಿನ ಉಪನಗರಗಳಿಗೆ ಕೆಲಸದ ಮೇಲೆ ಬಂದು ನೆಲೆಸುವ ಕನ್ನಡಿಗರಿಗೆ ಮನೆ ಹುಡುಕುವುದು, ಕಾರು ಕೊಳ್ಳುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ವಿದ್ಯಾರಣ್ಯ ಕನ್ನಡ ಕೂಟದ ಸಮಾರಂಭಗಳಿಗೆ ಹೋದರೆ ನಮ್ಮವರ ಪರಿಚಯವೂ ಆಗುತ್ತದೆ. ಆದರೆ ನಿಮ್ಮ ಊರಿನ ಗ್ರಂಥಾಲಯವನ್ನು ನಡೆಸುವವರು ಯಾರು, ಪೊಲೀಸ್ ಮುಖ್ಯಸ್ಥರು ಯಾರು, ಮೂರು ಮನೆ ಆಚೆಗಿರುವವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರೆ ಹತ್ತು ವರ್ಷದಿಂದ ಇಲ್ಲಿರುವವರೂ ತಡವರಿಸುತ್ತಾರೆ. ನಾನೂ ಮೊದಲ ಆರು ವರ್ಷ ಹಾಗೆಯೇ ಇದ್ದೆ. ನನಗೆ ಊರಿನ ಪರಿಚಯವಾದದ್ದು ರೋಟರಿ ಕ್ಲಬ್ಬಿನ ಬೆಳಗಿನ ಸಭೆಗಳಲ್ಲಿ. ಅಲ್ಲಿಗೆ ಹೋಗುವುದು ಹೇಗೆ, ಹೋದ ಮೇಲೆ ಏನು ನಡೆಯುತ್ತದೆ, ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆ ರೋಟರಿ ಎಂದರೆ ಊರಿನ ದೊಡ್ಡ ಡಾಕ್ಟರು, ಕಾರ್ಖಾನೆಯ ಮಾಲೀಕರು, ಕೋಟು ಹಾಕಿಕೊಂಡು ಪದಗ್ರಹಣ ಮಾಡುವ ಗಣ್ಯರು ಎಂಬ ಚಿತ್ರ ಮನಸ್ಸಿನಲ್ಲಿರುತ್ತದೆ. ಇಲ್ಲಿಯ ಸಣ್ಣ ಊರಿನ ಕ್ಲಬ್ಬಿನಲ್ಲಿ ಅದನ್ನು ಮರೆಯಬೇಕು. ನಮ್ಮ ಕ್ಲಬ್ಬಿನ ಮೇಜಿನ ಸುತ್ತ ವಿಮೆ ಮಾರುವವರು, ಹಲ್ಲಿನ ವೈದ್ಯರು, ನಿವೃತ್ತ ಶಿಕ್ಷಕಿಯರು, ಹೂವಿನ ಅಂಗಡಿಯವರು, ಶವಸಂಸ್ಕಾರದ ವ್ಯವಸ್ಥೆ ಮಾಡುವ ಸಂಸ್ಥೆಯವರು ಎಲ್ಲರೂ ಕೂರುತ್ತಾರೆ. ಮೂಲದ ಕಲ್ಪನೆಯೇ ಅದು. 1905ರ ಫೆಬ್ರವರಿ 23ರಂದು ಶಿಕಾಗೊ ನಗರದ ಒಂದು ಕಚೇರಿಯಲ್ಲಿ ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲ ವ್ಯಾಪಾರಿಯೊಬ್ಬರು, ಗಣಿ ಎಂಜಿನಿಯರೊಬ್ಬರು ಮತ್ತು ದರ್ಜಿಯೊಬ್ಬರು ಸೇರಿದ್ದೇ ರೋಟರಿಯ ಮೊದಲ ಸಭೆ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ, ಅಂದರೆ ಇಂಗ್ಲಿಷಿನ ‘ರೊಟೇಷನ್’ನಂತೆ, ಸೇರುತ್ತಿದ್ದುದರಿಂದ ಆ ಹೆಸರು ಬಂತು. ಹ್ಯಾರಿಸ್ ಹಳ್ಳಿಯ ಕಡೆ ಬೆಳೆದು ದೊಡ್ಡ ನಗರಕ್ಕೆ ಬಂದವರು. ಗುರುತು ಪರಿಚಯವಿಲ್ಲದ ಊರಿನಲ್ಲಿ ಸ್ನೇಹಿತರನ್ನು ಹುಡುಕಿಕೊಳ್ಳಲು ಕಟ್ಟಿದ ಕೂಟವಿದು ಎಂಬುದನ್ನು ನಮ್ಮಂಥ ವಲಸಿಗರು ನೆನಪಿಡಬೇಕು. ಕೇಂದ್ರ ಕಚೇರಿ ಇಂದಿಗೂ ನಮ್ಮ ಪಕ್ಕದ ಎವನ್‌ಸ್ಟನ್‌ನಲ್ಲಿದೆ. ಆ ಮೊದಲ ಸಭೆ ನಡೆದ 711ನೆಯ ಕೊಠಡಿಯನ್ನು ಅಲ್ಲಿ ಮತ್ತೆ ಹಾಗೆಯೇ ಕಟ್ಟಿ ಇಟ್ಟಿದ್ದಾರೆ.

ಸೇರುವುದಕ್ಕೆ ಮೊದಲು ಅತಿಥಿಯಾಗಿ ಹೋಗಿ ನೋಡುವುದು ಇಲ್ಲಿಯ ರೂಢಿ. ಕೆಲವು ಕ್ಲಬ್ಬುಗಳು ಬೆಳಗ್ಗೆ 7 ಗಂಟೆಗೆ ತಿಂಡಿಯೊಂದಿಗೆ, ಕೆಲವು ಮಧ್ಯಾಹ್ನದ ಊಟಕ್ಕೆ, ಇನ್ನು ಕೆಲವು ಸಂಜೆ ಸೇರುತ್ತವೆ. ಕಚೇರಿಗೆ ಹೋಗುವವರಿಗೆ ಬೆಳಗಿನ ಕ್ಲಬ್ಬೇ ಅನುಕೂಲ. ಜನವರಿಯ ಕತ್ತಲೆಯಲ್ಲಿ, ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಹೊರಡುವ ಮನಸ್ಸಿದ್ದರೆ ಮಾತ್ರ. ಕಾರ್ಯದರ್ಶಿಗೆ ಎರಡು ಸಾಲಿನ ಇಮೇಲ್ ಬರೆದು, ನಾನು ಈ ಊರಿಗೆ ಹೊಸಬ, ಒಂದು ಸಭೆಗೆ ಬರಬಹುದೇ ಎಂದು ಕೇಳಿದರೆ ಸಾಕು. ಸಸ್ಯಾಹಾರಿಗಳಾಗಿದ್ದರೆ ಅದನ್ನೂ ಅದೇ ಪತ್ರದಲ್ಲಿ ತಿಳಿಸಿ, ಏಕೆಂದರೆ ಊಟದ ಸಂಖ್ಯೆಯನ್ನು ಹೋಟೆಲಿಗೆ ಮೊದಲೇ ಹೇಳಿರುತ್ತಾರೆ. ಅಲ್ಲಿಗೆ ಹೋಗಿ ಕೋಳಿಯನ್ನು ಬದಿಗೆ ಸರಿಸಿ ಬೀನ್ಸ್ ತಿನ್ನುವಾಗ ನಿಮಗಿಂತ ಹೆಚ್ಚಿನ ಮುಜುಗರ ಅವರಿಗಾಗುತ್ತದೆ. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ ತಲುಪಬೇಕು. ಮೊದಲ ದಿನ ನಾನು ನಮ್ಮ ಕಡೆಯ ಲೆಕ್ಕದಲ್ಲಿ ಕಾಲು ಗಂಟೆ ತಡವಾಗಿ ಹೋದೆ. ಗಂಟೆ ಬಾರಿಸಿ, ಎಲ್ಲರೂ ಎದ್ದು ನಿಂತಿದ್ದ ಸಮಯಕ್ಕೆ ಸರಿಯಾಗಿ ಬಾಗಿಲು ಕಿರುಗುಟ್ಟಿಸಿಕೊಂಡು ಒಳಗೆ ಕಾಲಿಟ್ಟಿದ್ದೆ.

ಸಭೆಯ ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಅಮೆರಿಕದ ಧ್ವಜಕ್ಕೆ ಎಲ್ಲರೂ ಎದೆಯ ಮೇಲೆ ಕೈಯಿಟ್ಟು ನಿಷ್ಠೆಯ ಪ್ರತಿಜ್ಞೆ ಹೇಳುತ್ತಾರೆ. ಬೇರೆ ದೇಶದ ಪೌರರಾದ ನಾವು ಅದನ್ನು ಹೇಳಬೇಕಿಲ್ಲ, ಗೌರವದಿಂದ ಎದ್ದು ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೆಲವು ಕ್ಲಬ್ಬುಗಳಲ್ಲಿ ಒಂದು ಚಿಕ್ಕ ಪ್ರಾರ್ಥನೆ ಇರುತ್ತದೆ, ಅದನ್ನು ಸದಸ್ಯರು ಸರದಿಯಂತೆ ಹೇಳುತ್ತಾರೆ. ನನ್ನ ಸರದಿ ಬಂದಾಗ ಒಂದು ವಚನವನ್ನು ಕನ್ನಡದಲ್ಲಿ ಓದಿ ಅರ್ಥ ಹೇಳಿದೆ. ಸಭೆ ಮುಗಿದ ಮೇಲೆ ಇಬ್ಬರು ಬಂದು ಅದನ್ನು ಬರೆದುಕೊಡಿ ಎಂದು ಕೇಳಿದರು. ಆಮೇಲೆ ‘ಹ್ಯಾಪಿ ಡಾಲರ್’ ಎಂಬ ಪದ್ಧತಿ ಬರುತ್ತದೆ. ಮಗಳು ಪದವಿ ಪಡೆದಳು, ಮೊಮ್ಮಗ ಹುಟ್ಟಿದ, ಮೊಣಕಾಲಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು ಎಂದು ಒಬ್ಬೊಬ್ಬರೂ ಒಂದು ಸಂತೋಷದ ಸುದ್ದಿ ಹೇಳಿ ಡಬ್ಬಿಗೆ ಒಂದು ಡಾಲರ್ ಹಾಕುತ್ತಾರೆ. ಕಾರ್ಡ್ ಉಜ್ಜಿಯೇ ಬದುಕುವ ನಮ್ಮವರ ಜೇಬಿನಲ್ಲಿ ಒಂದು ಡಾಲರಿನ ನೋಟು ಇರುವುದು ಅಪರೂಪ, ಆದ್ದರಿಂದ ನಾಲ್ಕೈದು ನೋಟು ಇಟ್ಟುಕೊಂಡು ಹೋಗಿ. ಹೊಸಬರು ಈ ಹೊತ್ತಿನಲ್ಲಿ ಸಂಕೋಚದಿಂದ ಸುಮ್ಮನಿರುತ್ತಾರೆ. ಸುಮ್ಮನಿರಬೇಡಿ. ದೀಪಾವಳಿ ಮುಂದಿನ ವಾರ ಎಂದಷ್ಟೇ ಹೇಳಿ ಡಾಲರ್ ಹಾಕಿದರೂ, ತಿಂಡಿಯ ಮೇಜಿನಲ್ಲಿ ಮಾತು ತಾನಾಗಿಯೇ ನಿಮ್ಮ ಹತ್ತಿರ ಬರುತ್ತದೆ.

ನನ್ನ ದೃಷ್ಟಿಯಲ್ಲಿ ಸಭೆಯ ತಿರುಳು ಇರುವುದು ಅತಿಥಿ ಭಾಷಣದಲ್ಲಿ. ಇಪ್ಪತ್ತು ಇಪ್ಪತ್ತೈದು ನಿಮಿಷ, ಕೊನೆಗೆ ಕೆಲವು ಪ್ರಶ್ನೆಗಳು. ಮಾತನಾಡುವವರು ಹೆಸರಾಂತರೇನೂ ಅಲ್ಲ: ಶಾಲಾ ಜಿಲ್ಲೆಯ ಮುಖ್ಯಸ್ಥರು, ಅಗ್ನಿಶಾಮಕ ದಳದವರು, ಉದ್ಯಾನ ಮಂಡಳಿಯವರು, ಕೌಂಟಿಯ (ನಮ್ಮ ಕಡೆಯ ಜಿಲ್ಲೆಯಂಥದ್ದು) ಆರೋಗ್ಯ ಇಲಾಖೆಯವರು, ಮನೆಯಿಲ್ಲದವರ ಆಶ್ರಯಧಾಮ ನಡೆಸುವವರು. ಆದರೆ ಊರು ನಡೆಯುವುದು ಹೇಗೆ ಎಂಬುದನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ಜಾಗ ನನಗೆ ಬೇರೆ ಸಿಕ್ಕಿಲ್ಲ. ಇಲಿನಾಯ್ ರಾಜ್ಯದಲ್ಲಿ ಸ್ಥಳೀಯ ಆಡಳಿತ ಘಟಕಗಳ ಸಂಖ್ಯೆ 7,000ಕ್ಕೆ ಸಮೀಪವಿದ್ದು, ದೇಶದಲ್ಲೇ ಇದು ಅತಿ ಹೆಚ್ಚು. ಇಲ್ಲಿ ಶಾಲೆಗೊಂದು ಮಂಡಳಿ, ಉದ್ಯಾನಕ್ಕೊಂದು, ಗ್ರಂಥಾಲಯಕ್ಕೊಂದು, ಕೌಂಟಿಯ ಒಳಗಿನ ವಿಭಾಗವಾದ ಟೌನ್‌ಶಿಪ್‌ಗೊಂದು ಎಂದು ಬೇರೆ ಬೇರೆ ಮಂಡಳಿಗಳಿದ್ದು, ಪ್ರತಿಯೊಂದೂ ತನ್ನದೇ ತೆರಿಗೆ ಹಾಕುತ್ತದೆ. ಮನೆ ಕೊಂಡ ವರ್ಷ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಸಾಲಾಗಿದ್ದ ಹೆಸರುಗಳನ್ನು ನೋಡಿ ನನಗೆ ತಲೆಬುಡ ತಿಳಿದಿರಲಿಲ್ಲ. ಆ ಹೆಸರುಗಳ ಹಿಂದಿನ ಮನುಷ್ಯರು ಒಬ್ಬೊಬ್ಬರಾಗಿ ಬಂದು, ಎದುರು ನಿಂತು, ಹಣ ಎಲ್ಲಿ ಖರ್ಚಾಗುತ್ತದೆಂದು ಹೇಳಿದ್ದನ್ನು ಕೇಳಿದ್ದು ಈ ಸಭೆಗಳಲ್ಲಿ. ಹಾಗೆಂದು ಜಗಳಕ್ಕೆ ಇಳಿಯುವ ಜಾಗವಲ್ಲ. ರೋಟರಿ ಯಾವ ಪಕ್ಷವನ್ನೂ ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ, ಪ್ರಶ್ನೆ ಚಿಕ್ಕದಾಗಿ ಸೌಜನ್ಯದಿಂದ ಇರಬೇಕು.

ಕೆಲವು ತಿಂಗಳು ಕಳೆದ ಮೇಲೆ ನಿಮ್ಮನ್ನೇ ಮಾತನಾಡಲು ಕರೆಯುತ್ತಾರೆ. ನನ್ನನ್ನು ಕರೆದಾಗ ಹಂಪಿಯ ಬಗ್ಗೆ ಅರವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಹಕ್ಕಬುಕ್ಕರನ್ನು ದಾಟಿ ಕೃಷ್ಣದೇವರಾಯನ ಹತ್ತಿರ ಬರುವ ಮೊದಲೇ ಸಮಯ ಮುಗಿಯಿತು, ಜನರು ಕಚೇರಿಗೆ ಹೊರಟರು. ಒಂದೇ ವಿಷಯ, ಹತ್ತು ಚಿತ್ರ ಸಾಕು. ಕೇಳುವವರಲ್ಲಿ ಹಲವರಿಗೆ ಕನ್ನಡ ಎಂಬ ಭಾಷೆ ಇದೆಯೆಂದೇ ಗೊತ್ತಿರುವುದಿಲ್ಲ, ಕೆನಡಾ ಎಂದುಕೊಂಡವರೂ ಇದ್ದಾರೆ. ಅದಕ್ಕೆ ಬೇಸರಪಡುವ ಬದಲು ಲಿಪಿಯಲ್ಲಿ ಅವರ ಹೆಸರನ್ನು ಬರೆದು ತೋರಿಸಿ.

ಸೇವೆಯ ಕೆಲಸದ ವಿಷಯಕ್ಕೆ ಬಂದರೆ, ಇಲ್ಲಿ ಅದು ಭಾಷಣ, ಶಾಲು, ಹಾರಗಳಿಲ್ಲದೆ ನಡೆಯುತ್ತದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟು ರಸ್ತೆ ಬದಿಯ ಕಸ ಹೆಕ್ಕುವುದು, ಇಲ್ಲದವರಿಗೆ ಆಹಾರ ಹಂಚುವ ಫುಡ್ ಪ್ಯಾಂಟ್ರಿಯಲ್ಲಿ ಡಬ್ಬಿಗಳ ಮೇಲಿನ ದಿನಾಂಕ ನೋಡಿ ವಿಂಗಡಿಸುವುದು, ಡಿಸೆಂಬರಿನ ಚಳಿಯಲ್ಲಿ ಅಂಗಡಿಯ ಮುಂದೆ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಕೆಂಪು ಹುಂಡಿಯ ಪಕ್ಕ ನಿಂತು ಗಂಟೆ ಆಡಿಸುವುದು, ಮೂರನೆಯ ತರಗತಿಯ ಪ್ರತಿ ಮಗುವಿಗೂ ಒಂದು ನಿಘಂಟು ಹಂಚುವುದು ಇಂಥವು. ಬ್ಯಾಂಕಿನ ಮ್ಯಾನೇಜರೂ ನೀವೂ ಒಂದೇ ಚೀಲ ಹಿಡಿದುಕೊಂಡು ನಡೆಯುತ್ತೀರಿ. ಹೆಸರಿನ ಕಾರ್ಡು ಹಂಚುತ್ತ ಓಡಾಡಿದ್ದರಿಂದ ಆಗದ ಪರಿಚಯ ಎರಡು ಗಂಟೆ ಕಸ ಹೆಕ್ಕಿದರೆ ಆಗುತ್ತದೆ ಎಂಬುದು ನನ್ನ ಅನುಭವ. ವ್ಯಾಪಾರ ಬೆಳೆಸಿಕೊಳ್ಳುವ ಉದ್ದೇಶದಿಂದಲೇ ಬಂದವರನ್ನು ಈ ಜನ ಎರಡನೆಯ ವಾರದಲ್ಲೇ ಗುರುತಿಸಿಬಿಡುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಮಕ್ಕಳಿರುವ ಮನೆಯವರು ಅರೋರಾ ಅಥವಾ ಶಾಂಬರ್ಗ್‌ನಲ್ಲಿರುವ ಫೀಡ್ ಮೈ ಸ್ಟಾರ್ವಿಂಗ್ ಚಿಲ್ಡ್ರನ್ ಕೇಂದ್ರಕ್ಕೆ ಕ್ಲಬ್ಬಿನ ಗುಂಪು ಹೋಗುವ ದಿನ ಜೊತೆಗೆ ಹೋಗಬೇಕು. ತಲೆಗೆ ಬಲೆಟೋಪಿ ಹಾಕಿಕೊಂಡು, ಅಕ್ಕಿ, ಸೋಯಾ, ಒಣ ತರಕಾರಿ, ಜೀವಸತ್ವದ ಪುಡಿ ಇವನ್ನು ಅಳೆದು ಪೊಟ್ಟಣ ಕಟ್ಟುವ ಕೆಲಸ. ಅವು ಬೇರೆ ದೇಶಗಳ ಹಸಿದ ಮಕ್ಕಳಿಗೆ ಹೋಗುತ್ತವೆ. ಸಣ್ಣ ಮಕ್ಕಳೂ ದೊಡ್ಡವರ ಪಕ್ಕ ನಿಂತು ಅಕ್ಕಿ ಅಳೆಯಬಹುದು. ಶಾಲೆಗಳಲ್ಲಿ, ಯುವಜನರ ಕಾರ್ಯಕ್ರಮಗಳಲ್ಲಿ ಕೆಲಸ ಮಾಡುವುದಾದರೆ ಹಿನ್ನೆಲೆ ಪರಿಶೀಲನೆಗೆ ಒಪ್ಪಿಗೆ ಕೇಳುತ್ತಾರೆ; ಅದು ಎಲ್ಲರಿಗೂ ಇರುವ ನಿಯಮ, ಬಣ್ಣ ನೋಡಿ ಕೇಳಿದರೆಂದು ನೊಂದುಕೊಳ್ಳಬಾರದು.

ವೀಸಾದ ಮೇಲಿರುವವರು ಒಂದು ಎಚ್ಚರಿಕೆ ವಹಿಸಬೇಕು. ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವ, ಯಾರಿಗೂ ಸಂಬಳವಿಲ್ಲದ ಕೆಲಸವನ್ನು ಸೇವಾಸಂಸ್ಥೆಗೆ ಮಾಡಿಕೊಡುವುದಕ್ಕೆ ಅಡ್ಡಿಯಿಲ್ಲ. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟರೆ ಅದು ಉದ್ಯೋಗವೆಂದು ಲೆಕ್ಕವಾಗಬಹುದು, ಉದಾಹರಣೆಗೆ ಒಂದು ಸಂಸ್ಥೆಯ ಲೆಕ್ಕಪತ್ರವನ್ನು ವಾರವಿಡೀ ಕೂತು ಬರೆಯುವುದು. ಹೆಚ್4ನಲ್ಲಿರುವ (ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ), ಮನೆಯಲ್ಲಿ ಕೂತು ಬೇಸತ್ತ ನಮ್ಮ ಅಕ್ಕತಂಗಿಯರು ಉತ್ಸಾಹದಿಂದ ಏನನ್ನಾದರೂ ಒಪ್ಪಿಕೊಳ್ಳುವ ಮುನ್ನ ವಲಸೆ ವಕೀಲರನ್ನು ಒಂದು ಮಾತು ಕೇಳಲಿ. ಅಂದ ಹಾಗೆ, ಇದು ಗಂಡಸರ ಕೂಟವೆಂಬ ಹಳೆಯ ಅಂಜಿಕೆ ಬೇಡ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬಿನ ಮೊಕದ್ದಮೆಯಲ್ಲಿ ಹೆಂಗಸರ ಪರವಾಗಿ ತೀರ್ಪು ಕೊಟ್ಟಿತು, 1989ರಲ್ಲಿ ರೋಟರಿಯೇ ಜಗತ್ತಿನಾದ್ಯಂತ ನಿಯಮ ಬದಲಿಸಿತು. ನಮ್ಮ ಕ್ಲಬ್ಬಿನ ಅಧ್ಯಕ್ಷರ ಪೈಕಿ ಅತ್ಯಂತ ಶಿಸ್ತಿನಿಂದ ಗಂಟೆ ಬಾರಿಸಿದವರು ಹೆಂಗಸರೇ.

ಸದಸ್ಯರಾಗಲು ಈಗಿನ ಸದಸ್ಯರೊಬ್ಬರು ನಿಮ್ಮ ಹೆಸರನ್ನು ಸೂಚಿಸಬೇಕು, ಆಡಳಿತ ಮಂಡಳಿ ಒಪ್ಪಬೇಕು. ಚಂದಾ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ, ಊಟದ ಖರ್ಚು ಅದಕ್ಕೆ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ, ಕೇಳುವುದರಲ್ಲಿ ಅವಮಾನವೇನೂ ಇಲ್ಲ. ತೆರಿಗೆಯ ಲೆಕ್ಕದಲ್ಲಿ ರೋಟರಿಯ ದತ್ತಿಸಂಸ್ಥೆಯಾದ ರೋಟರಿ ಫೌಂಡೇಶನ್ನಿಗೆ ಕೊಟ್ಟ ದೇಣಿಗೆ ಬೇರೆ, ಕ್ಲಬ್ಬಿನ ಚಂದಾ ಬೇರೆ. ಮೊದಲನೆಯದನ್ನು ದಾನವೆಂದು ತೋರಿಸಬಹುದು, ಎರಡನೆಯದನ್ನು ದಾನವೆಂದು ತೋರಿಸುವಂತಿಲ್ಲ. ರೋಟರಿಯ ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ, ಹೊಸ ಸಮಿತಿಗಳಲ್ಲಿ ಕೆಲಸ ಕೇಳುವುದಾದರೆ ಅದಕ್ಕೆ ಮುಂಚಿನ ವಸಂತದಲ್ಲೇ ಬಾಯಿಬಿಡಬೇಕು.

ಕರ್ನಾಟಕದ ನಮ್ಮ ನಮ್ಮ ಊರಿನವರಿಗೆ ಏನಾದರೂ ಮಾಡಬೇಕೆಂಬ ಆಸೆ ನಮ್ಮೆಲ್ಲರ ಮನಸ್ಸಿನಲ್ಲೂ ಇರುತ್ತದೆ, ಅದಕ್ಕೂ ಇಲ್ಲಿ ದಾರಿಯಿದೆ. ಭಾರತದ ಒಂದು ಕ್ಲಬ್ಬೂ ಇಲ್ಲಿಯ ಒಂದು ಕ್ಲಬ್ಬೂ ಜೊತೆಯಾಗಿ ಫೌಂಡೇಶನ್ನಿನ ಗ್ಲೋಬಲ್ ಗ್ರಾಂಟ್ ಎಂಬ ಅನುದಾನ ಕೇಳಬಹುದು. ಯೋಜನೆಯ ಮೊತ್ತ ಕನಿಷ್ಠ 30,000 ಡಾಲರ್ ಇರಬೇಕು. ಆದರೆ ಬಂದ ಎರಡನೆಯ ತಿಂಗಳಲ್ಲೇ ನಮ್ಮೂರ ಶಾಲೆಗೆ ಶೌಚಾಲಯ ಕಟ್ಟಿಸಿ ಎಂದು ಅರ್ಜಿ ಹಿಡಿದುಕೊಂಡು ನಿಂತವರನ್ನು ನೋಡಿ ನನಗೇ ಕಸಿವಿಸಿಯಾಗಿದೆ. ಪೋಲಿಯೊ ನಿರ್ಮೂಲನೆಯ ರೋಟರಿಯ ಕೆಲಸಕ್ಕೆ 1985ರಿಂದ ಹಣ ಕೂಡಿಸುತ್ತ ಬಂದಿರುವ ಹಿರಿಯ ಸದಸ್ಯರು ನಮ್ಮ ಕ್ಲಬ್ಬಿನಲ್ಲಿದ್ದಾರೆ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ್ದೆಂಬುದು ನನಗಿಂತ ಮೊದಲು ಅವರಿಗೆ ಗೊತ್ತಿತ್ತು. ಒಂದು ವರ್ಷ ಅವರ ಜೊತೆ ಕಸ ಹೆಕ್ಕಿ, ನಿಘಂಟಿಗೆ ಚೀಟಿ ಅಂಟಿಸಿ, ಆಮೇಲೆ ನಿಮ್ಮೂರ ಮಾತು ತೆಗೆಯಿರಿ. ಹೆಚ್ಚಿನ ಪಾಲು, ಅದಕ್ಕೆ ಮುಂಚೆಯೇ ಅವರಲ್ಲೊಬ್ಬರು ತಿಂಡಿಯ ಮೇಜಿನಲ್ಲಿ, ನಿಮ್ಮ ಊರಿನ ಶಾಲೆ ಹೇಗಿದೆ ಎಂದು ಕೇಳಿರುತ್ತಾರೆ.