ಕಾಮಾದ ಒಂದು ಬದಿ ಮುಚ್ಚಿ ಓದಿ

ಉಡುಪಿ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮೊದಲ ಕೆಲವು ವರ್ಷ ಕಾಮಾ ತಪ್ಪಿದಲ್ಲೆಲ್ಲ ಸುಮ್ನೆ ಕೆಂಪು ಗೀಟು ಎಳೆಯುತ್ತಿದ್ದೆ. ಮಕ್ಕಳು ನೋಡಿ ಪುಸ್ತಕ ಮುಚ್ಚುತ್ತಿದ್ದರು, ಮುಂದಿನ ವಾರ ಮತ್ತೆ ಅದೇ ತಪ್ಪು.

ಒಂದು ಮಳೆಗಾಲದಲ್ಲಿ ಒಬ್ಬಳು ರಜಾ ಚೀಟಿಯಲ್ಲಿ 'ಇಟ್ ವಾಸ್ ರೇನಿಂಗ್, ಐ ಡಿಡ್ ನಾಟ್ ಕಮ್' ಎಂದು ಬರೆದಿದ್ದಳು. ಗೀಟು ಎಳೆದೆ. "ಟೀಚರ್, 'ಮಳೆ ಬರುತ್ತಿತ್ತು, ನಾನು ಬರಲಿಲ್ಲ' ಅಂತ ಬರೆದರೆ ಕನ್ನಡ ಸರ್ ಎಂತದೂ ಹೇಳುವುದಿಲ್ಲ, ನೀವು ಯಾಕೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ ಮಾರಾಯ್ರೇ.

ಅವಳು ಹೇಳಿದ್ದು ಸರಿಯೇ. ಕನ್ನಡದಲ್ಲಿ ಕಾಮಾ ಹಾಕುವುದು ಹೆಚ್ಚಾಗಿ ಉಸಿರಿನ ಲೆಕ್ಕದಲ್ಲಿ. ಮಲ್ಪೆಗೆ ಹೋಗಿ, ಬಂಗುಡೆ ತಂದು, ಮಸಾಲೆ ಅರೆದು, ಸಾರು ಮಾಡಿದೆವು ಅಂತ ಎಷ್ಟುದ್ದ ಬೇಕಾದರೂ ಎಳೆಯಬಹುದು, ಕೊನೆಯ ಕ್ರಿಯಾಪದ ಎಲ್ಲವನ್ನೂ ಹೊರುತ್ತದೆ. ಇಂಗ್ಲಿಷಿನಲ್ಲಿ ಎರಡು ಪೂರ್ತಿ ವಾಕ್ಯಗಳನ್ನು ಕಟ್ಟಿಡುವಷ್ಟು ಶಕ್ತಿ ಬರೀ ಕಾಮಾಕ್ಕೆ ಇಲ್ಲ.

ಈಗ ನಾನು ಮಾಡಿಸುವುದು ಹೀಗೆ. ಅಂಗೈಯಿಂದ ಕಾಮಾದ ಬಲಗಡೆ ಮುಚ್ಚಿ ಓದಿ, ಆಮೇಲೆ ಎಡಗಡೆ ಮುಚ್ಚಿ ಓದಿ. ಎರಡೂ ತಾವಾಗಿಯೇ ನಿಂತರೆ ಕಾಮಾ ಸಾಲದು. ಫುಲ್‌ಸ್ಟಾಪ್ ಹಾಕಿ, ಇಲ್ಲವೇ ಸೆಮಿಕೋಲನ್, ಇಲ್ಲವೇ ಕಾಮಾ ಉಳಿಸಿ 'ಸೋ' ಸೇರಿಸಿ. ಅಥವಾ ಶುರುವಿಗೆ 'ಆಸ್' ಹಾಕಿ. ಆಗ ಎಡಗಡೆಯದ್ದು ನಮ್ಮ 'ಮಳೆ ಬರುತ್ತಿದ್ದುದರಿಂದ' ಇದ್ದ ಹಾಗೆ ಅರ್ಧಕ್ಕೇ ನಿಲ್ಲುತ್ತದೆ, ಕಾಮಾ ಸರಿಯಾಗುತ್ತದೆ. 'ಐ ಕೇಮ್, ಐ ಸಾ, ಐ ಕಾಂಕರ್ಡ್' ಹೇಗೆ ಸರಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೇ ಅಚ್ಚಿನ ಪುಟಾಣಿ ವಾಕ್ಯಗಳು ಸಾಲಾಗಿ ಬಂದರೆ ಇಂಗ್ಲಿಷಿನಲ್ಲಿ ಅದನ್ನು ತಪ್ಪು ಅನ್ನದೆ ಬಿಟ್ಟುಬಿಡುತ್ತಾರೆ, ಅಷ್ಟೆ.

ಅಪಾಸ್ಟ್ರಫಿಗೆ, ಅಂದರೆ ಅಕ್ಷರದ ತಲೆಯ ಹತ್ತಿರ ಹಾಕುವ ಪುಟ್ಟ ಗುರುತಿಗೆ, ಇಷ್ಟು ಒದ್ದಾಟ ಬೇಡ. 'ಇಟ್ಸ್' ಅನ್ನು 'ಇಟ್ ಇಸ್' ಅಥವಾ 'ಇಟ್ ಹ್ಯಾಸ್' ಅಂತ ಬಿಡಿಸಿ ಓದಲು ಬಂದರೆ ಚಿಹ್ನೆ ಬೇಕು. 'ಅದರ' ಅನ್ನುವ ಅರ್ಥವಾದರೆ ಬೇಡ, 'ಹಿಸ್'ಗೂ ಹಾಕುವುದಿಲ್ಲ ಅಲ್ವಾ?

ನಮಗೆ ಟೀಚರುಗಳಿಗೆ ಜಾಸ್ತಿ ಕೈಕೊಡುವುದು 'ಹೌಎವರ್'. ಅದು 'ಬಟ್' ಥರ ಎರಡು ವಾಕ್ಯ ಜೋಡಿಸುವ ಪದವೇ ಅಲ್ಲ. ಅದರ ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು, ಮುಂದೆ ಕಾಮಾ. ಇದನ್ನು ಎರಡು ಪೀರಿಯಡ್ ಪಾಠ ಮಾಡಿದ ಮೇಲೆ ಅದೇ ಹುಡುಗಿ ನೋಟಿಸ್ ಬೋರ್ಡಿನ ಎದುರು ಅಂಗೈ ಇಟ್ಟು ನಿಂತಿದ್ದಳು. ಸ್ಪೋರ್ಟ್ಸ್ ಡೇ ನೋಟಿಸು, ಬರೆದವಳು ನಾನೇ, ನಡುವೆ ಕಾಮಾ, 'ಹೌಎವರ್'.